ರೋಹಿಣಿಗೆ ಹೊರಟ ನೌಕೆ

ಕಳೆದ ಬೇಸಿಗೆ ರಜೆಯಲ್ಲಿ ನನ್ನ ತಮ್ಮನ ಮೊಮ್ಮಗಳು ಬಸವೇಶ್ವರನಗರದ ನಮ್ಮ ಮನೆಗೆ ಬಂದಿದ್ದಳು. ರೋಹಿಣಿ ಮಳೆಯ ದಿನಗಳವು. ಸಂಜೆ ವರಾಂಡದಲ್ಲಿ ಕುಳಿತು ಮಳೆ ನೋಡುತ್ತಿದ್ದಾಗ, “ರೋಹಿಣಿ ಅಂದ್ರೆ ಯಾರು ತಾತ?” ಎಂದು ಕೇಳಿದಳು. ಅದೊಂದು ನಕ್ಷತ್ರ ಎಂದೆ. “ಅಲ್ಲಿಗೆ ರಾಕೆಟ್ ಹೋಗಿದೆಯಾ?” ಎಂಬುದು ಮರುಪ್ರಶ್ನೆ. ಮೂವತ್ತೈದು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದ ನಾನು ಒಂದು ಕ್ಷಣ ತಡವರಿಸಿದೆ. ಇದೇ ವಿಷಯವನ್ನು ಕುರಿತು 1983ರಲ್ಲಿ ನಾನೊಂದು ತಪ್ಪು ಮಾತನಾಡಿದ್ದೆ. ಆ ತಪ್ಪಿನ ಭಾರ ಹೊತ್ತವನು ನಾನಲ್ಲ, ನನ್ನ ವಿದ್ಯಾರ್ಥಿಯೊಬ್ಬ. ಅದನ್ನು ಬರೆದಿಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಆ ತರಗತಿಯಲ್ಲಿದ್ದ ಕೆಲವರಾದರೂ ಇದನ್ನು ಓದುತ್ತೀರೆಂದು ನಂಬಿದ್ದೇನೆ.

ಮೊದಲು ರೋಹಿಣಿಯ ವಿಚಾರ. ನಮ್ಮ ಹಿರಿಯರು ಮಳೆಗಾಲವನ್ನು ನಕ್ಷತ್ರಗಳ ಹೆಸರಿನಲ್ಲಿ ಎಣಿಸಿದರು. ಸೂರ್ಯನು ಯಾವ ನಕ್ಷತ್ರದ ಬಳಿ ಇರುವಂತೆ ಕಾಣುವನೋ ಆ ದಿನಗಳ ಮಳೆಗೆ ಆ ನಕ್ಷತ್ರದ ಹೆಸರು. ಮೇ 25ರ ಸುಮಾರಿನಿಂದ ಜೂನ್ 7ರ ಸುಮಾರಿನವರೆಗೆ ರೋಹಿಣಿ. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎಂಬ ಗಾದೆಯನ್ನು ಬಯಲುಸೀಮೆಯ ಒಕ್ಕಲುಮಕ್ಕಳು ಇಂದಿಗೂ ಹೇಳುತ್ತಾರೆ. ಇದರಲ್ಲೊಂದು ವಿನೋದವಿದೆ. ರೋಹಿಣಿ ಮಳೆ ಸುರಿಯುವ ದಿನಗಳಲ್ಲಿ ರೋಹಿಣಿ ನಕ್ಷತ್ರವನ್ನು ನೋಡಲಾಗುವುದಿಲ್ಲ. ಅದು ಸೂರ್ಯನ ಜೊತೆಗೇ ಹುಟ್ಟಿ ಸೂರ್ಯನ ಜೊತೆಗೇ ಮುಳುಗುತ್ತದೆ. ಅದನ್ನು ಕಾಣಬೇಕಾದರೆ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಮಹಡಿಯೇರಬೇಕು. ಕೃತ್ತಿಕೆಯ ಗೊಂಚಲಿಗೂ ಮಹಾವ್ಯಾಧನಿಗೂ ನಡುವೆ, ವೃಷಭ ರಾಶಿಯಲ್ಲಿ, ಕೆಂಡದ ಬಣ್ಣದಲ್ಲಿ ಹೊಳೆಯುವುದೇ ರೋಹಿಣಿ. ಹೆಸರಿನ ಅರ್ಥವೂ ಕೆಂಪಗಿನವಳು ಎಂದೇ. ಪಾಶ್ಚಾತ್ಯರು ಇದನ್ನು ಅಲ್ಡೆಬರಾನ್ ಎನ್ನುತ್ತಾರೆ. ಆ ಹೆಸರು ಅರಬ್ಬೀ ಭಾಷೆಯದು; ಹಿಂಬಾಲಿಸುವವನು ಎಂದರ್ಥ. ಕೃತ್ತಿಕೆಯ ಹಿಂದೆ ಹಿಂದೆಯೇ ಇದು ಮೂಡುವುದರಿಂದ ಆ ಹೆಸರು ಬಂದಿದೆ.

ಚಂದ್ರನಿಗೆ ದಕ್ಷನ ಇಪ್ಪತ್ತೇಳು ಹೆಣ್ಣುಮಕ್ಕಳು ಮಡದಿಯರು, ಅವರಲ್ಲಿ ರೋಹಿಣಿಯ ಮೇಲೆಯೇ ಹೆಚ್ಚು ಪ್ರೀತಿ, ಅದರಿಂದ ಮಾವನ ಶಾಪಕ್ಕೆ ಗುರಿಯಾಗಿ ಕ್ಷಯಿಸಿದ ಎಂಬ ಕಥೆಯನ್ನು ನಿಮಗೆಲ್ಲ ಹೇಳಿದ್ದೇನೆ. ಈ ಕಥೆಯ ಹಿಂದೆ ಆಕಾಶದಲ್ಲಿ ನಿಜವಾಗಿ ಕಾಣುವ ಸಂಗತಿಯೊಂದಿದೆ. ಚಂದ್ರನ ಹಾದಿ ರೋಹಿಣಿಗೆ ತೀರ ಹತ್ತಿರದಲ್ಲಿ ಸಾಗುತ್ತದೆ, ಕೆಲವು ವರ್ಷಗಳಲ್ಲಿ ಚಂದ್ರ ಅದನ್ನು ಮರೆಮಾಡುವುದೂ ಉಂಟು. 2015ರ ಆರಂಭದಿಂದ 2018ರವರೆಗೆ ಭೂಮಿಯ ಒಂದಲ್ಲ ಒಂದು ಭಾಗದಿಂದ ಪ್ರತಿ ತಿಂಗಳೂ ಈ ಮರೆಯಾಟ ಕಾಣುತ್ತಿತ್ತು.

ರೋಹಿಣಿ ಒಂದು ದೈತ್ಯ ನಕ್ಷತ್ರ. ಅದರ ದ್ರವ್ಯರಾಶಿ ನಮ್ಮ ಸೂರ್ಯನಿಗಿಂತ ಸ್ವಲ್ಪವೇ ಹೆಚ್ಚು. ಗಾತ್ರದಲ್ಲಿ ಮಾತ್ರ ಅದರ ವ್ಯಾಸ ಸೂರ್ಯನ ವ್ಯಾಸದ ಸುಮಾರು 45 ಪಟ್ಟು. ಒಡಲಿನ ನಡುಭಾಗದಲ್ಲಿದ್ದ ಜಲಜನಕವೆಲ್ಲ ಉರಿದು ಮುಗಿದ ಮೇಲೆ ನಕ್ಷತ್ರ ಹೀಗೆ ಉಬ್ಬುತ್ತದೆ. ಉಬ್ಬಿದಂತೆ ಮೈಯ ಬಿಸಿ ಇಳಿದು ಬಣ್ಣ ಕೆಂಪಾಗುತ್ತದೆ. ಸೂರ್ಯನ ಮೈಯ ಉಷ್ಣತೆ ಸುಮಾರು 5,800 ಕೆಲ್ವಿನ್ ಆದರೆ ರೋಹಿಣಿಯದು 3,900 ಮಾತ್ರ. ಆದರೂ ಮೈ ಅಷ್ಟು ವಿಶಾಲವಾದುದರಿಂದ ಅದು ಸೂರಿಸುವ ಒಟ್ಟು ಬೆಳಕು ಸೂರ್ಯನ 400 ಪಟ್ಟಿಗೂ ಹೆಚ್ಚು. ಸೂರ್ಯನ ಸ್ಥಾನದಲ್ಲಿ ರೋಹಿಣಿಯನ್ನಿಟ್ಟರೆ ಬುಧಗ್ರಹದತ್ತ ಅರ್ಧ ದಾರಿಗಿಂತ ತುಸು ಹೆಚ್ಚನ್ನು ಅದರ ಒಡಲೇ ತುಂಬಿಕೊಳ್ಳುತ್ತದೆ. ನಮ್ಮ ಭೂಮಿಯ ಮೇಲೆ ಬೀಳುವಷ್ಟೇ ಹಿತವಾದ ಬಿಸಿಲು ಬೇಕೆಂದರೆ ರೋಹಿಣಿಯಿಂದ ಸುಮಾರು 300 ಕೋಟಿ ಕಿಲೋಮೀಟರ್, ಅಂದರೆ ಸೂರ್ಯನಿಂದ ಯುರೇನಸ್ ಇರುವುದಕ್ಕಿಂತಲೂ ದೂರದಲ್ಲಿ ನಿಲ್ಲಬೇಕು. ಇನ್ನು ಸುಮಾರು 500 ಕೋಟಿ ವರ್ಷಗಳ ಬಳಿಕ ನಮ್ಮ ಸೂರ್ಯನಿಗೂ ಇದೇ ಅವಸ್ಥೆ. ಆದುದರಿಂದ ರೋಹಿಣಿಯನ್ನು ನೋಡುವುದೆಂದರೆ ನಮ್ಮ ಮನೆಯ ದೀಪದ ಮುಪ್ಪನ್ನು ಮುಂಚಿತವಾಗಿ ನೋಡಿದಂತೆ.

ಇಂತಹ ದೈತ್ಯನ ಕಡೆಗೆ ಮನುಷ್ಯ ಕೈಯಾರೆ ಮಾಡಿದ ನೌಕೆಯೊಂದು ಹೊರಟಿದೆ ಎಂಬುದೇ ನಾನು ಅಂದು ಪಾಠ ಮಾಡಿದ ವಿಷಯ. ಅದರ ಹೆಸರು ಪಯನಿಯರ್-10. 1972ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಫ್ಲಾರಿಡಾದಿಂದ ಅದನ್ನು ಹಾರಿಸಿದರು. ತೂಕ ಸುಮಾರು 258 ಕಿಲೋಗ್ರಾಂ. ಮಂಗಳ ಮತ್ತು ಗುರು ಗ್ರಹಗಳ ನಡುವಣ ಕ್ಷುದ್ರಗ್ರಹಗಳ ಪಟ್ಟಿಯನ್ನು ಮೊದಲು ದಾಟಿದ ನೌಕೆ ಅದು. 1973ರ ಡಿಸೆಂಬರಿನಲ್ಲಿ ಗುರುಗ್ರಹವನ್ನು ಹಾದುಹೋಗುವಾಗ ಆ ಗ್ರಹದ ಸೆಳೆತವೇ ಅದಕ್ಕೆ ಕವಣೆಯಾಯಿತು. ಸೂರ್ಯನ ಹಿಡಿತದಿಂದ ಬಿಡಿಸಿಕೊಂಡು ಹೋಗುವಷ್ಟು ವೇಗ ಅದಕ್ಕೆ ದೊರೆಯಿತು. ಸೌರವ್ಯೂಹವನ್ನು ಬಿಟ್ಟು ಹೋಗುವ ಹಾದಿಯನ್ನು ಹಿಡಿದ ಮೊದಲ ನೌಕೆಯೂ ಅದೇ. ಅದರ ಮೈಗೆ ಚಿನ್ನದ ಲೇಪವಿದ್ದ ಅಲ್ಯೂಮಿನಿಯಮ್ ಫಲಕವೊಂದನ್ನು ತಗುಲಿಸಿದ್ದರು. ಕಾರ್ಲ್ ಸೇಗನ್ ಮತ್ತು ಫ್ರಾಂಕ್ ಡ್ರೇಕ್ ಎಂಬ ವಿಜ್ಞಾನಿಗಳು ರೂಪಿಸಿ, ಲಿಂಡಾ ಸೇಗನ್ ಚಿತ್ರಿಸಿದ ಫಲಕವದು. ಒಬ್ಬ ಗಂಡಸು, ಒಬ್ಬಳು ಹೆಂಗಸು, ನೌಕೆ ಹೊರಟ ಜಾಗ, ಹದಿನಾಲ್ಕು ಪಲ್ಸಾರುಗಳ ಗುರುತಿನಿಂದ ಸೂರ್ಯನ ವಿಳಾಸ. ಯಾರಾದರೂ ಎಂದಾದರೂ ಕಂಡರೆ ತಿಳಿಯಲಿ ಎಂಬ ಆಸೆಯಿಂದ ಬರೆದ ಕಾಗದ ಎನ್ನಬಹುದು.

ಈ ಪಯನಿಯರ್ ಎಂಬ ಹೆಸರಿಗೂ ನಮ್ಮ ನಾಡಿಗೂ ಒಂದು ನಂಟಿದೆ. ಉಡುಪಿಯ ಬಳಿಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಉಡುಪಿ ರಾಮಚಂದ್ರ ರಾವ್ ಅವರು 1960ರ ದಶಕದ ಮೊದಲ ಭಾಗದಲ್ಲಿ ಅಮೆರಿಕದಲ್ಲಿ ಸಂಶೋಧಕರಾಗಿದ್ದರು. ಪಯನಿಯರ್ ಮಾಲೆಯ ಹಿಂದಿನ ನೌಕೆಗಳು ಸೂರ್ಯನನ್ನು ಸುತ್ತುತ್ತ ವಿಶ್ವಕಿರಣಗಳನ್ನು ಅಳೆಯುತ್ತಿದ್ದುವಷ್ಟೆ. 1965ರ ಡಿಸೆಂಬರಿನಲ್ಲಿ ಹಾರಿದ ಪಯನಿಯರ್-6 ಅವುಗಳಲ್ಲೊಂದು. ಆ ಪ್ರಯೋಗಗಳಲ್ಲಿ ದುಡಿದವರು ರಾವ್. 1966ರಲ್ಲಿ ಅವರು ಭಾರತಕ್ಕೆ ಮರಳಿ ಅಹಮದಾಬಾದಿನ ಭೌತ ಸಂಶೋಧನಾಲಯವನ್ನು ಸೇರಿದರು. ಪಯನಿಯರ್-10 ಹಾರಿದ ವರ್ಷವೇ, 1972ರ ಮೇ ತಿಂಗಳಲ್ಲಿ, ಭಾರತದ ಮೊದಲ ಉಪಗ್ರಹವನ್ನು ಹಾರಿಸಿಕೊಡುವ ಒಪ್ಪಂದ ಸೋವಿಯತ್ ವಿಜ್ಞಾನ ಅಕಾಡೆಮಿಯೊಡನೆ ಆಯಿತು. ಅದನ್ನು ಕಟ್ಟುವ ಹೊಣೆ ರಾವ್ ಅವರದು. ವಿಕ್ರಮ್ ಸಾರಾಭಾಯಿ ಅವರು 1971ರ ಡಿಸೆಂಬರಿನಲ್ಲಿ ತೀರಿಕೊಂಡಿದ್ದರು. ಅವರ ಬಳಿಕ ಇಸ್ರೋದ ಚುಕ್ಕಾಣಿ ಹಿಡಿದ ಸತೀಶ್ ಧವನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಆಗಿದ್ದುದರಿಂದ ಕೆಲಸ ಬೆಂಗಳೂರಿಗೆ ಬಂದಿತು. ನಡೆದದ್ದು ಎಲ್ಲಿ? ನಮ್ಮ ರಾಜಾಜಿನಗರದ ಆಚೆ, ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ.

ಇಂದಿನ ಮಕ್ಕಳಿಗೆ ಅಂದಿನ ಪೀಣ್ಯವನ್ನು ಬಣ್ಣಿಸುವುದು ಕಷ್ಟ. ಯಶವಂತಪುರ ದಾಟಿದರೆ ತುಮಕೂರು ರಸ್ತೆಯ ಎರಡೂ ಬದಿಗೆ ಬಯಲು, ಅಲ್ಲಲ್ಲಿ ಹೊಸದಾಗಿ ಎದ್ದ ಕಾರ್ಖಾನೆಯ ಶೆಡ್ಡುಗಳು. ಅಂತಹ ಕೆಲವು ಶೆಡ್ಡುಗಳನ್ನು ಪಡೆದು, ಉಪಗ್ರಹವನ್ನು ಕಣ್ಣಾರೆ ಕಂಡಿರದ ತರುಣ ಎಂಜಿನಿಯರುಗಳು ಸುಮಾರು ಮೂರು ವರ್ಷಗಳೊಳಗೆ ಉಪಗ್ರಹವನ್ನು ಕಟ್ಟಿದರು. ಇಪ್ಪತ್ತಾರು ಮುಖಗಳ, 360 ಕಿಲೋಗ್ರಾಂ ತೂಕದ ಆರ್ಯಭಟ 1975ರ ಏಪ್ರಿಲ್ 19ರಂದು ಸೋವಿಯತ್ ನೆಲದ ಕಪುಸ್ತಿನ್ ಯಾರ್‌ನಿಂದ ಮೇಲೇರಿತು. ನಕ್ಷತ್ರಲೋಕದ ಎಕ್ಸ್-ಕಿರಣಗಳನ್ನು ಗ್ರಹಿಸುವ ಉಪಕರಣ ಅದರಲ್ಲಿತ್ತು. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆ ಕೆಟ್ಟು ಪ್ರಯೋಗಗಳು ನಿಂತುಹೋದುವು. ಆದರೆ ಉಪಗ್ರಹವನ್ನು ಕಟ್ಟಲು ಬರುತ್ತದೆ ಎಂಬ ಪಾಠ ಉಳಿಯಿತು. ಎರಡು ರೂಪಾಯಿ ನೋಟಿನ ಬೆನ್ನ ಮೇಲೆ ಆರ್ಯಭಟನ ಚಿತ್ರ ಬಂದಾಗ ನಾನು ಒಂದು ನೋಟನ್ನು ತರಗತಿಗೆ ತಂದು ತೋರಿಸಿದ್ದು ಕೆಲವರಿಗೆ ನೆನಪಿರಬಹುದು. ಅಂದು ಪೀಣ್ಯದಿಂದ ಬರುತ್ತಿದ್ದ ಮಕ್ಕಳು ಎದೆಯುಬ್ಬಿಸಿ ಕುಳಿತಿದ್ದರು.

ರೋಹಿಣಿ ಎಂಬ ಹೆಸರೂ ನಮ್ಮವರ ಕೈಯಲ್ಲಿ ಆಕಾಶಕ್ಕೆ ಹೋಯಿತು. ತುಂಬಾದಿಂದ ಹಾರಿದ ನಮ್ಮ ಚಿಕ್ಕ ರಾಕೆಟ್ಟುಗಳಿಗೆ 1967ರಿಂದಲೇ ರೋಹಿಣಿ ಎಂಬ ಹೆಸರಿತ್ತು. 1980ರ ಜುಲೈ 18ರಂದು ಶ್ರೀಹರಿಕೋಟದಿಂದ ನಮ್ಮದೇ ಎಸ್‌ಎಲ್‌ವಿ-3 ವಾಹನ ಕಕ್ಷೆಗೆ ಸೇರಿಸಿದ 35 ಕಿಲೋಗ್ರಾಂ ಉಪಗ್ರಹದ ಹೆಸರೂ ರೋಹಿಣಿಯೇ. ಹೀಗಾಗಿ 1980ರ ದಶಕದ ಆರಂಭದಲ್ಲಿ ರೋಹಿಣಿ ಎಂದರೆ ನನ್ನ ವಿದ್ಯಾರ್ಥಿಗಳಿಗೆ ಮಳೆ, ಉಪಗ್ರಹ, ನಕ್ಷತ್ರ ಮೂರೂ ಆಗಿತ್ತು.

ಈಗ ಆ ದಿನಕ್ಕೆ ಬರುತ್ತೇನೆ. 1983ರ ಜೂನ್ 13ರಂದು ಪಯನಿಯರ್-10 ನೆಪ್ಚೂನ್ ಗ್ರಹದ ಕಕ್ಷೆಯನ್ನು ದಾಟಿತು. ಆ ವರ್ಷಗಳಲ್ಲಿ ಪ್ಲೂಟೊ ನೆಪ್ಚೂನಿಗಿಂತ ಒಳಗಿದ್ದುದರಿಂದ, ಎಲ್ಲ ಗ್ರಹಗಳನ್ನೂ ಹಿಂದೆ ಹಾಕಿ ಹೋದ ಮೊದಲ ನೌಕೆ ಎಂದು ಪತ್ರಿಕೆಗಳು ಬರೆದುವು. ಶಾಲೆ ತೆರೆದು ಎರಡು ವಾರವಾಗಿತ್ತು. ಒಂಬತ್ತನೆಯ ತರಗತಿಯಲ್ಲಿ ನಾನು ಪತ್ರಿಕೆಯ ತುಣುಕನ್ನು ಹಿಡಿದು, ಈ ನೌಕೆ ರೋಹಿಣಿ ನಕ್ಷತ್ರದ ದಿಕ್ಕಿನಲ್ಲಿ ಸಾಗುತ್ತಿದೆ, ಇನ್ನು 20 ಲಕ್ಷ ವರ್ಷಗಳಲ್ಲಿ ಅಲ್ಲಿಗೆ ತಲುಪುತ್ತದೆ ಎಂದು ಆವೇಶದಿಂದ ವಿವರಿಸಿದೆ. ಕಪ್ಪುಹಲಗೆಯ ಈ ಮೂಲೆಯಲ್ಲಿ ಸೂರ್ಯ, ಆ ಮೂಲೆಯಲ್ಲಿ ರೋಹಿಣಿ, ನಡುವೆ ಬಾಣದ ಗುರುತು. ಮೂರನೆಯ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. ಮಾತು ಕಡಮೆ, ಅಂಕಗಳೂ ಸಾಧಾರಣ. “ಸಾರ್, ಅಷ್ಟು ವರ್ಷ ರೋಹಿಣಿ ಅಲ್ಲೇ ನಿಂತಿರುತ್ತಾ?” ಎಂದು ಕೇಳಿದ.

ಗಂಟೆ ಹೊಡೆಯಲು ಐದು ನಿಮಿಷವಿತ್ತು. ನನಗೆ ಪಾಠ ಮುಗಿಸುವ ಅವಸರ. “ನಕ್ಷತ್ರ ಏನು ಬಿಟಿಎಸ್ ಬಸ್ಸೇನೋ, ನೀನು ಬರೋ ಹೊತ್ತಿಗೆ ಹೊರಟು ಹೋಗೋಕೆ? ಕೂತ್ಕೋ” ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಹುಡುಗ ಕುಳಿತ. ಆ ವರ್ಷ, ಅದರ ಮರುವರ್ಷ, ಅವನು ಮತ್ತೆ ಪ್ರಶ್ನೆ ಕೇಳಲಿಲ್ಲ. ಅದನ್ನು ನಾನು ಗಮನಿಸಲೂ ಇಲ್ಲ.

ನನ್ನ ಉತ್ತರ ತಪ್ಪಾಗಿತ್ತು. ಎಷ್ಟು ತಪ್ಪು ಎಂಬುದನ್ನು ವಿವರಿಸಲು ನಕ್ಷತ್ರಗಳ ಬೆಳಕನ್ನು ಓದುವ ವಿದ್ಯೆಯ ಬಗೆಗೆ ನಾಲ್ಕು ಮಾತು ಹೇಳಬೇಕು. ಗಾಜಿನ ಪಟ್ಟಕದಲ್ಲಿ ಹಾಯಿಸಿದ ಬೆಳಕು ಏಳು ಬಣ್ಣಗಳ ಪಟ್ಟಿಯಾಗಿ ಬಿಚ್ಚಿಕೊಳ್ಳುವುದನ್ನು ನೀವೆಲ್ಲ ಪ್ರಯೋಗಶಾಲೆಯಲ್ಲಿ ಕಂಡಿದ್ದೀರಿ. ಕನ್ನಡದಲ್ಲಿ ಅದಕ್ಕೆ ರೋಹಿತ ಎಂದು ಹೆಸರು. ರೋಹಿಣಿಯ ಒಡಹುಟ್ಟಿದ ಶಬ್ದ. ನಕ್ಷತ್ರದ ರೋಹಿತದಲ್ಲಿ ಅಡ್ಡಡ್ಡ ಕಪ್ಪು ಗೆರೆಗಳಿರುತ್ತವೆ. ನಕ್ಷತ್ರ ನಮ್ಮಿಂದ ದೂರ ಸರಿಯುತ್ತಿದ್ದರೆ ಆ ಗೆರೆಗಳೆಲ್ಲ ತುಸು ಕೆಂಪಿನ ಕಡೆಗೆ, ಹತ್ತಿರ ಬರುತ್ತಿದ್ದರೆ ನೇರಳೆಯ ಕಡೆಗೆ ಜರುಗುತ್ತವೆ. ದೂರ ಹೋಗುವ ರೈಲಿನ ಸಿಳ್ಳು ದಪ್ಪವಾಗಿ ಕೇಳುವ ಹಾಗೆ. 19ನೆಯ ಶತಮಾನದ ಕೊನೆಗೇ ಜರ್ಮನಿಯ ಪಾಟ್ಸ್‌ಡಾಮ್ ವೀಕ್ಷಣಾಲಯದಲ್ಲಿ ರೋಹಿತಗಳ ಫೋಟೋ ತೆಗೆದು ನಕ್ಷತ್ರಗಳ ಇಂತಹ ಓಟವನ್ನು ಅಳೆದಿದ್ದರು.

ಈ ವಿದ್ಯೆಯಲ್ಲಿ, ಅದರಲ್ಲಿಯೂ ದೈತ್ಯ ನಕ್ಷತ್ರಗಳ ವಿಷಯದಲ್ಲಿ, ಜಗತ್ತು ನೆನೆಯುವ ಭಾರತೀಯ ಹೆಸರು ವೈನು ಬಪ್ಪು ಅವರದು. ರೋಹಿಣಿಯಂತಹ ತಂಪಾದ ನಕ್ಷತ್ರಗಳ ರೋಹಿತದಲ್ಲಿ ಕ್ಯಾಲ್ಸಿಯಮ್ಮಿನ ಒಂದು ದಪ್ಪ ಕಪ್ಪು ಗೆರೆಯ ನಟ್ಟನಡುವೆ ಸಣ್ಣದೊಂದು ಬೆಳಕಿನ ಗೆರೆ ಕಾಣುತ್ತದೆ. ಆ ಬೆಳಕಿನ ಗೆರೆ ಅಗಲವಾದಷ್ಟೂ ನಕ್ಷತ್ರದ ನಿಜವಾದ ಪ್ರಕಾಶ ಹೆಚ್ಚು ಎಂಬ ನಿಯಮವನ್ನು ಅಮೆರಿಕದ ಓಲಿನ್ ವಿಲ್ಸನ್ ಮತ್ತು ಬಪ್ಪು 1957ರಲ್ಲಿ ಪ್ರಕಟಿಸಿದರು. ನಿಜವಾದ ಪ್ರಕಾಶ ತಿಳಿದರೆ, ನಮಗೆ ಎಷ್ಟು ಮಂಕಾಗಿ ಕಾಣುತ್ತದೆ ಎಂಬುದರಿಂದ ದೂರವನ್ನು ಲೆಕ್ಕ ಹಾಕಬಹುದು. ದೂರದ ಬೀದಿದೀಪ ಎಷ್ಟು ವಾಟಿನದೆಂದು ತಿಳಿದರೆ ಅದು ಎಷ್ಟು ದೂರವಿದೆಯೆಂದು ಹೇಳುವಂತೆ. ವಿಲ್ಸನ್–ಬಪ್ಪು ಪರಿಣಾಮ ಎಂದು ಇದಕ್ಕೆ ಹೆಸರು. ಬಪ್ಪು ಅವರು 1960ರಲ್ಲಿ ಕೊಡೈಕನಾಲ್ ವೀಕ್ಷಣಾಲಯದ ಹೊಣೆ ಹೊತ್ತರು, ತಮಿಳುನಾಡಿನ ಜವಾದಿ ಬೆಟ್ಟಗಳ ಕಾವಲೂರಿನಲ್ಲಿ ಹೊಸ ವೀಕ್ಷಣಾಲಯ ಕಟ್ಟಿದರು, 1971ರಲ್ಲಿ ರೂಪುಗೊಂಡ ಭಾರತೀಯ ಖಭೌತ ಸಂಸ್ಥೆಯನ್ನು ಬೆಂಗಳೂರಿನಲ್ಲಿ ನೆಲೆಗೊಳಿಸಿದರು. ತಮ್ಮ ಕನಸಿನ 2.34 ಮೀಟರ್ ದೂರದರ್ಶಕ ಮುಗಿಯುವ ಮುನ್ನವೇ 1982ರಲ್ಲಿ ತೀರಿಕೊಂಡರು. 1986ರಲ್ಲಿ ಅದಕ್ಕೆ ಅವರ ಹೆಸರನ್ನೇ ಇಟ್ಟರು. ನಾನು ಆ ಹುಡುಗನನ್ನು ಕೂರಿಸಿದ ವರ್ಷ, ಅವನ ಪ್ರಶ್ನೆಗೆ ಉತ್ತರ ಕೊಡಬಲ್ಲ ಒಂದು ಇಡೀ ಸಂಸ್ಥೆ ಇದೇ ಊರಿನ ಕೋರಮಂಗಲದಲ್ಲಿತ್ತು. ನಾನೊಂದು ಕಾರ್ಡು ಬರೆದು ಕೇಳಬಹುದಿತ್ತು. ಕೇಳಲಿಲ್ಲ.

ಸತ್ಯ ತಿಳಿದದ್ದು 2008ರಲ್ಲಿ, ನಿವೃತ್ತಿಯ ಮರುವರ್ಷ. ಚಂದ್ರಯಾನದ ಸುದ್ದಿಯ ನಡುವೆ ಹಳೆಯ ಟಿಪ್ಪಣಿಗಳನ್ನು ತಿರುವಿ ಹಾಕುತ್ತಿದ್ದಾಗ ನಕ್ಷತ್ರಗಳ ಪಟ್ಟಿಯೊಂದರಲ್ಲಿ ರೋಹಿಣಿಯ ಸಾಲು ಕಣ್ಣಿಗೆ ಬಿದ್ದಿತು. ದೂರ ಸುಮಾರು 65 ಜ್ಯೋತಿರ್ವರ್ಷ. ನಮ್ಮಿಂದ ದೂರ ಸರಿಯುತ್ತಿರುವ ವೇಗ ಸೆಕೆಂಡಿಗೆ ಸುಮಾರು 54 ಕಿಲೋಮೀಟರ್. ಪಯನಿಯರ್-10ರ ವೇಗ ಸೆಕೆಂಡಿಗೆ ಸುಮಾರು 12 ಕಿಲೋಮೀಟರ್. ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ಪ್ರತಿ ಸೆಕೆಂಡಿಗೂ ನೌಕೆಗೂ ನಕ್ಷತ್ರಕ್ಕೂ ನಡುವಣ ಅಂತರ 42 ಕಿಲೋಮೀಟರಿನಷ್ಟು ಬೆಳೆಯುತ್ತಿದೆ. ವರ್ಷಕ್ಕೆ 130 ಕೋಟಿ ಕಿಲೋಮೀಟರಿಗೂ ಹೆಚ್ಚು. 20 ಲಕ್ಷ ವರ್ಷಗಳ ಬಳಿಕ ನೌಕೆ ಸುಮಾರು 80 ಜ್ಯೋತಿರ್ವರ್ಷ ಸಾಗಿದಾಗ ರೋಹಿಣಿ 400 ಜ್ಯೋತಿರ್ವರ್ಷಗಳಿಗೂ ಆಚೆ ಇರುತ್ತದೆ. 20 ಲಕ್ಷ ವರ್ಷ ಎಂಬ ಅಂಕಿ ರೋಹಿಣಿ ನಿಂತಲ್ಲೇ ನಿಂತಿದೆ ಎಂದು ಭಾವಿಸಿದರೆ ಮಾತ್ರ ಬರುವಂಥದು. ಪಯನಿಯರ್-10 ರೋಹಿಣಿಯನ್ನು ಎಂದೆಂದಿಗೂ ಮುಟ್ಟುವುದಿಲ್ಲ. ಮೂರನೆಯ ಬೆಂಚಿನ ಹುಡುಗ ಕೇಳಿದ್ದು ಇದನ್ನೇ. ಬಸ್ಸಿನ ಹೋಲಿಕೆ ನಗೆಗಾಗಿ ಹೇಳಿದ್ದು. ನಿಜದಲ್ಲಿ ಬಸ್ಸು ಹೊರಟುಹೋಗಿತ್ತು.

ನೌಕೆಯ ಮುಂದಿನ ಕಥೆಯನ್ನೂ ಹೇಳಿಬಿಡುತ್ತೇನೆ. ಅದರ ರೇಡಿಯೋ ಶಕ್ತಿ ಕೇವಲ 8 ವಾಟ್, ನಮ್ಮ ಸ್ನಾನದ ಮನೆಯ ಎಲ್‌ಇಡಿ ಬಲ್ಬಿನಷ್ಟು. ಆ ದೀಪದ ಬೆಳಕನ್ನು ಭೂಮಿಯ ದೊಡ್ಡ ಆಂಟೆನಾಗಳು ಮೂವತ್ತು ವರ್ಷ ಹಿಡಿದುವು. ಅಧಿಕೃತವಾಗಿ ಕಾರ್ಯ ಮುಗಿದದ್ದು 1997ರ ಮಾರ್ಚಿಯಲ್ಲಿ. ಕಟ್ಟಕಡೆಯ ಕ್ಷೀಣ ಸಂಕೇತ ಬಂದದ್ದು 2003ರ ಜನವರಿ 23ರಂದು. ಆಗ ಅದು ಸುಮಾರು 1,200 ಕೋಟಿ ಕಿಲೋಮೀಟರ್ ದೂರದಲ್ಲಿತ್ತು. ಅನಂತರ ಮೌನ. ಗಾಯಾ ದೂರದರ್ಶಕ ಕೋಟ್ಯಂತರ ನಕ್ಷತ್ರಗಳ ಚಲನೆಯನ್ನು ಅಳೆದ ಮೇಲೆ, 2019ರಲ್ಲಿ ಇಬ್ಬರು ವಿಜ್ಞಾನಿಗಳು ಅದರ ದಾರಿಯನ್ನು ಮತ್ತೆ ಲೆಕ್ಕ ಹಾಕಿದರು. ಸುಮಾರು 90,000 ವರ್ಷಗಳ ಬಳಿಕ ಅದು ಇಂದು ಕ್ಯಾಸಿಯೋಪಿಯಾ ಪುಂಜದಲ್ಲಿರುವ ಒಂದು ಸಾಧಾರಣ ನಕ್ಷತ್ರದಿಂದ ಮುಕ್ಕಾಲು ಜ್ಯೋತಿರ್ವರ್ಷದಷ್ಟು ದೂರದಲ್ಲಿ ಹಾದುಹೋಗಲಿದೆಯಂತೆ. ಆ ನಕ್ಷತ್ರಕ್ಕೆ ಪಟ್ಟಿಯಲ್ಲಿ ಒಂದು ಸಂಖ್ಯೆ ಮಾತ್ರ ಉಂಟು, ಹೆಸರಿಲ್ಲ, ಮಳೆಯಿಲ್ಲ, ಕಥೆಯಿಲ್ಲ. ದೈತ್ಯನಿಗೆಂದು ಹೊರಟವನನ್ನು ದಾರಿಯಲ್ಲಿ ಮೊದಲು ಎದುರುಗೊಳ್ಳುವುದು ಯಾರೋ ಹೆಸರಿಲ್ಲದವನು.

ನಕ್ಷತ್ರಕ್ಕೆ ಹೋಗಬೇಕೆಂಬ ಆಸೆ ಇಷ್ಟಕ್ಕೇ ಮುಗಿಯಲಿಲ್ಲ. ಅದರ ಒಂದು ಅಧ್ಯಾಯ ನಮ್ಮ ಪಡುವಣ ಬೆಂಗಳೂರಿನ ಹೊರವಲಯದಲ್ಲಿಯೇ ನಡೆದಿದೆ. ಕೆಂಗೇರಿಯಿಂದ ದೊಡ್ಡ ಆಲದ ಮರದ ಕಡೆಗೆ ನಾವು ಶಾಲೆಯ ಮಕ್ಕಳನ್ನು ಪ್ರವಾಸ ಕರೆದೊಯ್ಯುತ್ತಿದ್ದೆವು. ಅದರ ಆಚೆ ಬ್ಯಾಲಾಳು ಎಂಬ ಹಳ್ಳಿ. ಸುತ್ತ ದಿಣ್ಣೆಗಳಿದ್ದು ನಡುವೆ ತಟ್ಟೆಯಂತೆ ತಗ್ಗಿದ ನೆಲ. ನಗರದ ರೇಡಿಯೋ ಗದ್ದಲ ಅಲ್ಲಿಗೆ ಅಷ್ಟಾಗಿ ಮುಟ್ಟದು. 2008ರ ಅಕ್ಟೋಬರ್ 17ರಂದು ಅಲ್ಲಿ 18 ಮೀಟರ್ ಮತ್ತು 32 ಮೀಟರ್ ವ್ಯಾಸದ ಎರಡು ಆಂಟೆನಾಗಳು ಉದ್ಘಾಟನೆಗೊಂಡುವು. ಐದು ದಿನಗಳ ಬಳಿಕ ಚಂದ್ರಯಾನ-1 ಹಾರಿತು. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಮಂಗಳನ ಕಕ್ಷೆಯನ್ನು ಸೇರಿದಾಗ, ಅಲ್ಲಿಂದ ಹೊರಟ ಸುದ್ದಿ ಸುಮಾರು ಹನ್ನೆರಡೂವರೆ ನಿಮಿಷ ಪಯಣಿಸಿ ಭೂಮಿಯನ್ನು ಮುಟ್ಟಿತು. ಆ ನೌಕೆಗಳನ್ನೆಲ್ಲ ನಡೆಸುವ ಇಸ್ಟ್ರ್ಯಾಕ್ ಕೇಂದ್ರ ಇರುವುದು, ಬೇರೆಲ್ಲೂ ಅಲ್ಲ, ಅದೇ ಪೀಣ್ಯದಲ್ಲಿ.

2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1, ಒಂದು ನಕ್ಷತ್ರವನ್ನೇ ಅರಿಯಲು ಭಾರತ ಭೂಮಿಯ ಕಕ್ಷೆಯಿಂದಾಚೆಗೆ ಕಳುಹಿಸಿದ ಮೊದಲ ನೌಕೆ. ಆ ನಕ್ಷತ್ರ ಸೂರ್ಯ. 2024ರ ಜನವರಿ 6ರಂದು ಅದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ತನ್ನ ನೆಲೆಯನ್ನು ಸೇರಿತು. ಕೇಳಲು ದೊಡ್ಡದು; ಸೂರ್ಯನವರೆಗಿನ ದಾರಿಯಲ್ಲಿ ಅದು ನೂರರಲ್ಲಿ ಒಂದು ಪಾಲು. ಅದರ ಏಳು ಉಪಕರಣಗಳಲ್ಲಿ ಮುಖ್ಯವಾದುದನ್ನು ಕಟ್ಟಿದ್ದು ಬಪ್ಪು ಬೆಳೆಸಿದ ಖಭೌತ ಸಂಸ್ಥೆ. ಅಮೆರಿಕದ ಪಾರ್ಕರ್ ನೌಕೆ 2024ರ ಡಿಸೆಂಬರ್ 24ರಂದು ಸೂರ್ಯನ ಮೈಯಿಂದ 61 ಲಕ್ಷ ಕಿಲೋಮೀಟರಿನಷ್ಟು ಸಮೀಪಕ್ಕೆ ಹೋಗಿ ಬಂದಿತು. ನಕ್ಷತ್ರವೊಂದಕ್ಕೆ ಮನುಷ್ಯ ಮಾಡಿದ ವಸ್ತು ಅದಕ್ಕಿಂತ ಹತ್ತಿರ ಹೋದದ್ದು ಅದುವರೆಗೆ ಇರಲಿಲ್ಲ. ಸೂರ್ಯ ಇಂದು ದೈತ್ಯನಾಗಿಲ್ಲದಿರುವುದರಿಂದ ಇದು ಸಾಧ್ಯವಾಯಿತು. ಅವನು ರೋಹಿಣಿಯಷ್ಟು ಉಬ್ಬಿದ್ದರೆ ಪಾರ್ಕರ್ ಸುಳಿದ ಆ ಜಾಗ ಅವನ ಒಡಲೊಳಗೆ ಆಳದಲ್ಲಿರುತ್ತಿತ್ತು.

ಯು.ಆರ್. ರಾವ್ ಅವರು 2017ರ ಜುಲೈ 24ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಪೀಣ್ಯದ ಶೆಡ್ಡುಗಳಲ್ಲಿ ಮೊದಲಾದ ಉಪಗ್ರಹ ಕೇಂದ್ರಕ್ಕೆ 2018ರಲ್ಲಿ ಅವರ ಹೆಸರಿಟ್ಟರು. ಆರ್ಯಭಟನ ವಿದ್ಯುತ್ ಕೆಟ್ಟಾಗ ಅವರು ಅದನ್ನು ಮುಚ್ಚಿಡಲಿಲ್ಲ. ಎಲ್ಲಿ ತಪ್ಪಿತೆಂದು ನೋಡಿ ಮುಂದಿನ ಉಪಗ್ರಹವನ್ನು ಕಟ್ಟಿಸಿದರು. ಈ ಗುಣವನ್ನು ನಾನು ಎಷ್ಟೋ ತರಗತಿಗಳಲ್ಲಿ ಹೊಗಳಿದ್ದೇನೆ. ಆಚರಿಸಲು ಮಾತ್ರ ತಡವಾಯಿತು.

ಕಳೆದ ವರ್ಷ ವಿಜಯನಗರದ ಛತ್ರವೊಂದರಲ್ಲಿ, ಹಳೆಯ ವಿದ್ಯಾರ್ಥಿನಿಯ ಮಗಳ ಮದುವೆಯಲ್ಲಿ, ತಲೆ ನರೆತ ಒಬ್ಬರು ಬಂದು ಕಾಲು ಮುಟ್ಟಿ ನಮಸ್ಕರಿಸಿದರು. ಹೆಸರು ಹೇಳಿದೊಡನೆ ಮೂರನೆಯ ಬೆಂಚು ನೆನಪಾಯಿತು. ಎಸ್‌ಎಸ್‌ಎಲ್‌ಸಿ ಆದ ಮೇಲೆ ಐಟಿಐ ಸೇರಿ, ಈಗ ಪೀಣ್ಯದಲ್ಲಿ ಎರಡು ಲೇತು, ಒಂದು ಮಿಲ್ಲಿಂಗ್ ಮಷೀನು ಇಟ್ಟುಕೊಂಡು ಸ್ವಂತ ಕೆಲಸ ಮಾಡುತ್ತಿದ್ದಾರೆ. ಆರು ಜನರಿಗೆ ಅನ್ನ ಕೊಟ್ಟಿದ್ದಾರೆ. ಊಟದ ಸಾಲಿನಲ್ಲಿ ಪಕ್ಕದಲ್ಲಿ ಕೂರಿಸಿಕೊಂಡು 1983ರ ಜೂನ್ ತಿಂಗಳ ವಿಷಯ ತೆಗೆದೆ. ನಿನ್ನ ಪ್ರಶ್ನೆ ಸರಿಯಾಗಿತ್ತಪ್ಪ, ನನ್ನ ಉತ್ತರ ತಪ್ಪಾಗಿತ್ತು ಎಂದೆ. ಆತ ಸ್ವಲ್ಪ ಹೊತ್ತು ಎಲೆಯನ್ನೇ ನೋಡುತ್ತಿದ್ದು, “ಏನು ಕೇಳಿದ್ದೆ ಅನ್ನೋದು ನೆನಪಿಲ್ಲ ಸಾರ್. ಎಲ್ಲರೂ ನಕ್ಕಿದ್ದು ನೆನಪಿದೆ” ಎಂದರು.

ನನಗೆ ಹೋಳಿಗೆ ಗಂಟಲಿನಲ್ಲಿ ಇಳಿಯಲಿಲ್ಲ. ಪ್ರಶ್ನೆಯನ್ನು ನಾನು ನಲವತ್ತು ವರ್ಷ ನೆನಪಿಟ್ಟುಕೊಂಡಿದ್ದೆ; ಕೇಳಿದವರ ಬಳಿ ಉಳಿದದ್ದು ನಗೆ ಮಾತ್ರ. ಕಾಗದದ ಕರವಸ್ತ್ರದ ಮೇಲೆ 54 ಮತ್ತು 12 ಎಂಬ ಎರಡು ಅಂಕಿ ಬರೆದು ಲೆಕ್ಕ ತೋರಿಸಿದೆ. ಲೇತಿನ ಮೇಲೆ ನಿತ್ಯ ಕೂದಲೆಳೆಯ ಅಳತೆ ಹಿಡಿಯುವವರಲ್ಲವೇ, ಒಮ್ಮೆಗೇ ಹಿಡಿದರು. “ಹಾಗಾದ್ರೆ ಅದು ಮುಟ್ಟೋದೇ ಇಲ್ಲ ಅನ್ನಿ” ಎಂದರು. ಆಮೇಲೆ, “ಮತ್ತೆ ಯಾಕೆ ಸಾರ್ ಅಲ್ಲಿಗೆ ಹೋಗ್ತಾ ಇದೆ ಅಂತಾರೆ?” ಎಂದು ಕೇಳಿದರು. ಒಂಬತ್ತನೆಯ ತರಗತಿಯ ಬಳಿಕ ಅವರು ನನಗೆ ಕೇಳಿದ ಮೊದಲ ಪ್ರಶ್ನೆ ಅದು. ಅಲ್ಲಿಗೆ ಹೋಗುತ್ತಿದೆ ಎಂಬುದು ತಪ್ಪು, ಆ ದಿಕ್ಕಿಗೆ ಹೋಗುತ್ತಿದೆ ಎಂಬುದು ಸರಿ ಎಂದು ನಿಧಾನವಾಗಿ, ಪೂರ್ತಿಯಾಗಿ ಉತ್ತರ ಹೇಳಿದೆ. ಪಾಯಸ ಬಡಿಸುವವನು ಎರಡು ಸಲ ಬಂದು ಹೋದ.

ಆ ತರಗತಿಯಲ್ಲಿ ನಕ್ಕವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ನಗಿಸಿದವನು ನಾನು, ನಿಮ್ಮ ತಪ್ಪಿಲ್ಲ. ನಿಮ್ಮಲ್ಲಿ ಅನೇಕರು ಈಗ ತಾವೇ ಶಿಕ್ಷಕರು, ಅಜ್ಜ ಅಜ್ಜಿಯರು. ಮಗು ಕೇಳಿದ ಪ್ರಶ್ನೆಗೆ ಉತ್ತರ ತಿಳಿಯದಿದ್ದರೆ, ನಾಳೆ ಹೇಳುತ್ತೇನೆಂದು ಒಂದು ಮಾತು ಹೇಳಿ. ಗಂಟೆ ಹೊಡೆದರೂ ಚಿಂತೆಯಿಲ್ಲ.

ನನ್ನ ತಮ್ಮನ ಮೊಮ್ಮಗಳಿಗೆ ಈ ಸಲ ಸರಿಯಾದ ಉತ್ತರ ಹೇಳಿದ್ದೇನೆ: ರೋಹಿಣಿಗೆ ಯಾವ ರಾಕೆಟ್ಟೂ ಹೋಗಿಲ್ಲ, ಆ ಕಡೆಗೆ ಒಂದು ನೌಕೆ ಹೊರಟಿದೆ, ಅದು ಮುಟ್ಟುವುದಿಲ್ಲ, ಏಕೆಂದರೆ ರೋಹಿಣಿಯೂ ಓಡುತ್ತಿದ್ದಾಳೆ. “ಯಾರಿಂದ ಓಡ್ತಿದಾಳೆ?” ಎಂದು ಕೇಳಿದಳು. ನಾಳೆ ಹೇಳುತ್ತೇನೆ ಎಂದಿದ್ದೇನೆ. ಡಿಸೆಂಬರಿನಲ್ಲಿ ಬಂದಾಗ ಮಹಡಿಗೆ ಕರೆದೊಯ್ದು ರೋಹಿಣಿಯನ್ನು ತೋರಿಸಬೇಕಾಗಿದೆ.